ಬೆಲೆಯೋ ಅಪ್ಪಣೆಯೋ

ಕುರಕುಂಭದಲ್ಲಿ ಕುಳಿತು ಕಾಡಿನ ವಿಷಯ ಬರೆಯಹೊರಟವನನ್ನು ಕಂಡು ವಾಚಕರು ನಗಬಹುದು. ಪುಣೆ–ಸೊಲ್ಲಾಪುರ ಹೆದ್ದಾರಿಯ ಬದಿಯ ಈ ಊರಿನಲ್ಲಿ ಫಿರಂಗಾಯಿ ದೇವಿಯ ಗುಡಿಯಿದೆ, ರಾಸಾಯನಿಕ ಕಾರಖಾನೆಗಳಿವೆ, ಕಾಲುವೆಯ ನೀರು ಮುಟ್ಟಿದ ಕಡೆ ಕಬ್ಬಿದೆ, ಮುಟ್ಟದ ಕಡೆ ಜಾಲಿ ಮತ್ತು ಬೋಳು ದಿಬ್ಬ. ಸಹ್ಯಾದ್ರಿಯು ತಡೆದು ಮಿಗಿಸಿದ ಮಳೆಯ ಶೇಷವಷ್ಟೇ ನಮ್ಮ ಪಾಲು. ಮಲೆನಾಡಿನ ಕಡೆಯಿಂದ ನೌಕರಿಗಾಗಿ ಇತ್ತ ಬಂದ ನಮ್ಮವರು ಮೊದಲ ವರ್ಷ “ಇಲ್ಲಿ ಮರಗಳೇ ಇಲ್ಲವಲ್ಲ!” ಎನ್ನುತ್ತಾರೆ, ಎರಡನೆಯ ವರ್ಷ ಹಾಗೆನ್ನುವುದನ್ನು ಬಿಡುತ್ತಾರೆ.

ಆದರೂ ಕಾಡಿಗೂ ನಮಗೂ ಸಂಬಂಧವಿಲ್ಲವೆಂದಲ್ಲ. ಸ್ವಲ್ಪ ದೂರದಲ್ಲಿಯೇ ದೌಂಡ್; ಅದರ ಮಗ್ಗುಲಲ್ಲಿ ಭೀಮಾ ನದಿ. ಈ ನದಿ ಹುಟ್ಟುವುದು ಭೀಮಾಶಂಕರದ ಕಾಡಿನಲ್ಲಿ. ಜ್ಯೋತಿರ್ಲಿಂಗದ ದರ್ಶನಕ್ಕೆ ಹೋಗಿಬರುವ ಬಂಧುಗಳು ಪ್ರಸಾದದೊಡನೆ ಮಂಜಿನ ಮತ್ತು ಮಂಗಗಳ ಕಥೆಯನ್ನೂ ಹೊತ್ತು ತರುತ್ತಾರೆ. ಆ ಕಾಡು 1985ರಿಂದ ವನ್ಯಜೀವಿಧಾಮವಾಗಿದೆಯೆಂಬುದನ್ನೂ, ಮರಗಳ ನೆತ್ತಿಯಲ್ಲಿ ನೆಗೆದಾಡುವ ಅಲ್ಲಿಯ ಕೆಂದಳಿಲು, ಮರಾಠಿಗರ ‘ಶೇಕರು’, ಮಹಾರಾಷ್ಟ್ರದ ರಾಜ್ಯಪ್ರಾಣಿಯೆಂಬುದನ್ನೂ ಗಮನಿಸಿದವರು ಕಡಮೆ. ಭಾಮಾ, ಇಂದ್ರಾಯಣಿ, ಮುಳಾ, ಮುಠಾ, ಘೋಡ್ ಇವೆಲ್ಲ ಸಹ್ಯಾದ್ರಿಯಲ್ಲಿಯೇ ಹುಟ್ಟಿ ಭೀಮೆಗೆ ಸೇರುವ ನದಿಗಳು. ದೌಂಡನ್ನು ದಾಟಿದ ನೀರು ಉಜನಿ ಜಲಾಶಯದಲ್ಲಿ ನಿಂತು, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿಕೊಂಡು, ವಿಜಯಪುರ ಕಲಬುರಗಿ ಜಿಲ್ಲೆಗಳಿಗೆ ಬಂದು, ಗಾಣಗಾಪುರವನ್ನು ಹಾದು, ರಾಯಚೂರಿನ ಕಡೆಗೆ ಹೋಗಿ ಕೃಷ್ಣೆಯ ಪಾಲಾಗುತ್ತದೆ. ನಾವು ಊರು ಬಿಟ್ಟು ಇತ್ತ ಬಂದೆವು; ಇಲ್ಲಿಯ ನೀರು ನಮ್ಮ ಊರುಗಳ ಕಡೆಗೆ ಹೊರಟಿದೆ.

ಭೀಮೆಯ ನೀರೆಲ್ಲವೂ ಕಾಡಿನ ದಾನವೆಂದರೆ ಅತಿಶಯೋಕ್ತಿಯಾದೀತು. ಮಳೆಯನ್ನು ತರುವುದು ಮುಂಗಾರಿನ ಗಾಳಿ. ಕಾಡು ಮಾಡುವ ಕೆಲಸ ಬೇರೆ. ಬಿದ್ದ ನೀರು ಒಮ್ಮೆಗೇ ಓಡಿಹೋಗದಂತೆ ತಡೆದು, ತರಗೆಲೆಯ ಹಾಸಿನಲ್ಲಿ ನೆನೆಸಿ, ಬೇರುಗಳ ನಡುವೆ ಇಂಗಿಸಿ, ದೀಪಾವಳಿ ಕಳೆದ ಮೇಲೂ ಹಳ್ಳಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುವುದು. ಗುಡ್ಡದ ಮಣ್ಣು ಅಣೆಕಟ್ಟಿನ ಹೊಟ್ಟೆಗೆ ಇಳಿಯದಂತೆ ಹಿಡಿದಿಡುವುದು. ಈ ಚಾಕರಿಗೆ ಕಾಡು ಯಾರಿಗೂ ಬಿಲ್ಲು ಕಳಿಸುವುದಿಲ್ಲ. ಬಿಲ್ಲು ಬಾರದ ಬಾಬು ಕಚೇರಿಯ ಲೆಕ್ಕಕ್ಕೆ ಏರುವುದಿಲ್ಲವೆಂಬುದು ನನ್ನಂಥ ಗುಮಾಸ್ತರಿಗೆಲ್ಲ ತಿಳಿದ ಸಂಗತಿ.

ಬಹುಕಾಲ ಸರಕಾರದ ಖಾತೆಯಲ್ಲಿ ಕಾಡೆಂದರೆ ಮರಮುಟ್ಟು. ಹಡಗಿಗೆ ತೇಗ, ರೈಲಿನ ಹಳಿಯ ಕೆಳಗೆ ದಿಮ್ಮಿ, ಗಾಣಕ್ಕೂ ಒಲೆಗೂ ಸೌದೆ. ಇಷ್ಟು ಘನ ಅಡಿ, ಇಷ್ಟು ರೂಪಾಯಿ. ಸ್ವಾತಂತ್ರ್ಯಾನಂತರವೂ ಖಾತೆಯ ಶೀರ್ಷಿಕೆ ಬದಲಾಗಲಿಲ್ಲ. 1950ರ ದಶಕದ ಕೊನೆಯಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರಖಾನೆ ನಡೆಯತೊಡಗಿದಾಗ ಉತ್ತರ ಕನ್ನಡದ ಬಿದಿರು ಟನ್ನಿಗೆ ಒಂದೆರಡು ರೂಪಾಯಿಯ ರಾಜಧನಕ್ಕೆ ಅದಕ್ಕೆ ಸಲ್ಲಿತು. ಅದೇ ಬಿದಿರನ್ನು ಬುಟ್ಟಿ ಹೆಣೆಯುವ ಮೇದಾರನು ಪೇಟೆಯಲ್ಲಿ ಅದರ ಎಷ್ಟೋ ಪಟ್ಟು ತೆತ್ತು ಕೊಳ್ಳಬೇಕಾಗಿತ್ತು. ಕಾಗದ ಬೇಡವೆಂದು ನಾನು ಹೇಳಿದರೆ ಈ ಪತ್ರಿಕೆಯಲ್ಲಿ ಅದು ಹಾಸ್ಯಾಸ್ಪದವಾದೀತು. ನನ್ನ ಮಾತು ಇಷ್ಟೆ: ಬಿದಿರಿಗೆ ಬೆಲೆಯಿಲ್ಲವೆಂದು ಬಗೆದದ್ದರಿಂದ ಅದು ಯಾರಿಗೂ ಪುಕ್ಕಟೆಯಾಗಲಿಲ್ಲ. ಒಬ್ಬನಿಗೆ ಅಗ್ಗವಾಗಿ ಮತ್ತೊಬ್ಬನಿಗೆ ತುಟ್ಟಿಯಾಯಿತು.

ಆದುದರಿಂದ ಕಾಡಿಗೆ ಬೆಲೆ ಕಟ್ಟುವುದೇ ಪಾಪವೆನ್ನುವ ಸಜ್ಜನರ ಮಾತನ್ನು ನಾನು ಒಪ್ಪಲಾರೆ. ಬೆಲೆ ಬರೆಯದ ಕಡೆ ಸೊನ್ನೆ ಬೀಳುತ್ತದೆ. ಸೊನ್ನೆಯೆದುರು ಎಂಥ ಸಣ್ಣ ಲಾಭವೂ ದೊಡ್ಡದಾಗಿ ಕಾಣುತ್ತದೆ. 1979ರಲ್ಲಿ ಕಲಕತ್ತಾ ವಿಶ್ವವಿದ್ಯಾಲಯದ ಡಾ. ಟಿ. ಎಂ. ದಾಸ್ ಎಂಬ ವಿದ್ವಾಂಸರು ಒಂದು ಮಧ್ಯಮ ಗಾತ್ರದ ಮರ ಐವತ್ತು ವರ್ಷದಲ್ಲಿ ಮಾಡುವ ಉಪಕಾರವನ್ನು—ಪ್ರಾಣವಾಯು, ಮಣ್ಣಿನ ರಕ್ಷಣೆ, ನೀರಿನ ಪರಿಚಲನೆ, ಪಕ್ಷಿಪ್ರಾಣಿಗಳ ಆಸರೆ ಇತ್ಯಾದಿ—ಎಣಿಸಿ 15.7 ಲಕ್ಷ ರೂಪಾಯಿಯೆಂದು ಸಾರಿದರು. 1997ರಲ್ಲಿ ರಾಬರ್ಟ್ ಕೋಸ್ಟಾನ್ಜಾ ಮತ್ತು ಅವರ ಸಂಗಡಿಗರು ಇಡೀ ಭೂಮಂಡಲದ ನಿಸರ್ಗದ ವಾರ್ಷಿಕ ಸೇವೆಯನ್ನು ಸುಮಾರು 33 ಲಕ್ಷ ಕೋಟಿ ಡಾಲರ್ ಎಂದು ಅಂದಾಜು ಮಾಡಿದರು. ಆಗ ಜಗತ್ತಿನ ದೇಶಗಳ ಉತ್ಪನ್ನವೆಲ್ಲ ಸೇರಿ ಸುಮಾರು 18 ಲಕ್ಷ ಕೋಟಿ. ಅಂದರೆ ಮನುಷ್ಯಕುಲವು ತನ್ನ ಸಂಬಳವನ್ನೆಲ್ಲ ಸುರಿದರೂ ಭೂಮಿಯ ಒಂದು ವರ್ಷದ ಬಾಡಿಗೆ ತೀರುವುದಿಲ್ಲ! ಇಂಥ ಅಂಕಿಗಳ ಮೇಲೆ ವಿದ್ವಾಂಸರು ಬೇಕಾದಷ್ಟು ಜಗಳವಾಡಿದ್ದಾರೆ. ಕಣ್ಣು ತೆರೆಸುವುದಕ್ಕೆ ಅವು ಸಾಕು. ಕಡತದಲ್ಲಿ ಹಾಕುವುದಕ್ಕೆ ಸಾಲವು.

ಕಡತದಲ್ಲಿ ಹಾಕತಕ್ಕ ಅಂಕಿ ನಮ್ಮ ದೇಶದಲ್ಲಿ ನ್ಯಾಯಾಲಯದ ದ್ವಾರದಿಂದ ಬಂತು. ಕೇರಳದ ನಿಲಂಬೂರಿನ ಟಿ. ಎನ್. ಗೋದಾವರ್ಮನ್ ತಿರುಮುಲ್ಪಾಡ್ ಅವರು ನೀಲಗಿರಿಯ ಗೂಡಲೂರಿನ ಕಡೆ ಮರಗಳು ಉರುಳುವುದನ್ನು ಕಂಡು 1995ರಲ್ಲಿ ಸುಪ್ರೀಮ್ ಕೋರ್ಟಿಗೆ ಅರ್ಜಿ ಹಾಕಿದರು. ಆ ಒಂದು ಅರ್ಜಿ ದಶಕಗಳ ಕಾಲ ಬೆಳೆದು ದೇಶದ ಅರಣ್ಯವನ್ನೆಲ್ಲ ಒಳಗೊಂಡಿತು. ಅದರಲ್ಲಿ 2002ರಲ್ಲಿ ಹೊರಟ ಆಜ್ಞೆಯ ಪ್ರಕಾರ, ಗಣಿಗೋ ರಸ್ತೆಗೋ ಅಣೆಕಟ್ಟಿಗೋ ಅರಣ್ಯಭೂಮಿಯನ್ನು ಪಡೆಯುವವರು ಬದಲಿ ಗಿಡ ನೆಡುವ ಖರ್ಚಲ್ಲದೆ ಕಾಡಿನ ‘ನಿವ್ವಳ ವರ್ತಮಾನ ಮೌಲ್ಯ’ವನ್ನೂ ತೆರಬೇಕಾಯಿತು. ಆ ಕಾಡು ನಿಂತಿದ್ದರೆ ಮುಂದೆ ವರ್ಷವರ್ಷವೂ ಕೊಡಬಹುದಾಗಿದ್ದ ಮರ, ಸೌದೆ, ನೀರು, ಮಣ್ಣು, ಗಾಳಿ ಇವುಗಳ ಬೆಲೆಯನ್ನು ಇಂದಿನ ಹಣಕ್ಕೆ ಇಳಿಸಿ ಕೂಡಿಸಿದ ಮೊತ್ತವೇ ಅದು. ಅರ್ಥಶಾಸ್ತ್ರಜ್ಞೆ ಕಾಂಚನ್ ಚೋಪ್ರಾ ಅವರ ಸಮಿತಿ ಇದರ ಲೆಕ್ಕವನ್ನು ಪರಿಶೀಲಿಸಿತು. 2008ರ ಮಾರ್ಚಿ 28ರಂದು ನ್ಯಾಯಾಲಯವು ದರಪಟ್ಟಿಯನ್ನು ನಿಶ್ಚಯಿಸಿತು: ಪಶ್ಚಿಮ ಘಟ್ಟದಂಥ ದಟ್ಟ ನಿತ್ಯಹರಿದ್ವರ್ಣದ ಕಾಡಿಗೆ ಹೆಕ್ಟೇರಿಗೆ 10.43 ಲಕ್ಷ ರೂಪಾಯಿ. ವಿರಳವಾದ ಮುಳ್ಳುಕಾಡಿಗೆ 4.38 ಲಕ್ಷ. ವನ್ಯಜೀವಿಧಾಮವಾದರೆ ಐದು ಪಟ್ಟು, ರಾಷ್ಟ್ರೀಯ ಉದ್ಯಾನವಾದರೆ ಹತ್ತು ಪಟ್ಟು. 2022ರಲ್ಲಿ ಈ ದರಗಳನ್ನು ಸುಮಾರು ಒಂದೂವರೆ ಪಟ್ಟಿಗೆ ಏರಿಸಲಾಯಿತು.

ಹತ್ತು ಲಕ್ಷವೆಂದರೆ ಕಿವಿಗೆ ದೊಡ್ಡದಾಗಿಯೇ ಕೇಳಿಸುತ್ತದೆ. ಸ್ವಲ್ಪ ಭಾಗಾಕಾರ ಮಾಡಿ ನೋಡೋಣ. ಒಂದು ಹೆಕ್ಟೇರಿನಲ್ಲಿ 1,07,639 ಚದರ ಅಡಿ. ಎಂದ ಮೇಲೆ 2008ರ ಪಟ್ಟಿಯಂತೆ ಮಳೆಕಾಡು ಚದರ ಅಡಿಗೆ ಹತ್ತು ರೂಪಾಯಿಗೂ ಕಡಮೆ. ಏರಿಸಿದ ಮೇಲೂ ಹದಿನೈದರ ಒಳಗೆ. ಕುರಕುಂಭದ ಕೈಗಾರಿಕಾ ಪ್ರದೇಶದಲ್ಲಿ ಹದಿನೈದು ರೂಪಾಯಿಗೆ ಒಂದು ಚದರ ಅಡಿ ಜಾಗವನ್ನು ಯಾರಾದರೂ ಕೊಡುವುದಾದರೆ ನಾನು ನಾಳೆಯೇ ಭವಿಷ್ಯನಿಧಿಯಿಂದ ಸಾಲ ತೆಗೆಯುತ್ತೇನೆ. ಇದು ನೆಲದ ಕ್ರಯವಲ್ಲ, ಕಾಡಿನ ಸೇವೆಯ ಪರಿಹಾರವೆಂದು ಬಲ್ಲವರು ತಿದ್ದುತ್ತಾರೆ. ನಿಜವೇ. ಆದರೆ ಹಣ ಕಟ್ಟಿದ ಮೇಲೆ ಹೋಗುವುದು ಸೇವೆಯೊಂದೇ ಅಲ್ಲ, ಸೇವಕನೂ ಹೋಗುತ್ತಾನೆ.

ಈ ಲೆಕ್ಕದ ಹೊಟ್ಟೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮುಂದೆ ಬರುವ ಹಣವನ್ನು ಇಂದಿಗೆ ಇಳಿಸುವಾಗ ಬಡ್ಡಿಯನ್ನು ಕಳೆಯುತ್ತಾರೆ. ಶೇಕಡ 5ರಂತೆ ಕಳೆದರೆ ಐವತ್ತು ವರ್ಷದ ಮೇಲೆ ಬರುವ ನೂರು ರೂಪಾಯಿಯ ಇಂದಿನ ಬೆಲೆ 8 ರೂಪಾಯಿ 72 ಪೈಸೆ. ಶೇಕಡ 10ರಂತೆ ಕಳೆದರೆ ಬರಿಯ 85 ಪೈಸೆ. ವ್ಯಾಪಾರಕ್ಕೆ ಇದು ಸರಿಯಾದ ಗಣಿತ. ಆದರೆ ಐವತ್ತು ವರ್ಷದ ಮೇಲೆ ಭೀಮೆಯ ನೀರು ಕುಡಿಯುವವಳು ನಮ್ಮ ಮೊಮ್ಮಗಳು. ಅವಳ ಒಂದು ಕೊಡ ನೀರನ್ನು ನಮ್ಮ ಬಡ್ಡಿಯ ದರದಿಂದ ಅರ್ಧ ಲೋಟಕ್ಕೆ ಇಳಿಸುವ ಅಧಿಕಾರ ನಮಗೆ ಎಲ್ಲಿಂದ ಬಂತು? ಬಡ್ಡಿ ಐದೋ ಹತ್ತೋ ಎಂಬುದು ಅರ್ಥಶಾಸ್ತ್ರದ ಪ್ರಶ್ನೆಯಂತೆ ತೋರಿದರೂ ಅದನ್ನು ಕೆರೆದರೆ ಒಳಗಿರುವುದು ಧರ್ಮದ ಪ್ರಶ್ನೆಯೇ.

ಕಟ್ಟಿಸಿಕೊಂಡ ಹಣವೇನಾಯಿತು? ಅದು ವರ್ಷಗಟ್ಟಲೆ ಬ್ಯಾಂಕಿನಲ್ಲಿ ಕುಳಿತಿತ್ತು. ಅದಕ್ಕೆಂದು ಕಾಯಿದೆಯಾದದ್ದು 2016ರಲ್ಲಿ. 2019ರ ಆಗಸ್ಟಿನಲ್ಲಿ ಕೇಂದ್ರವು ರಾಜ್ಯಗಳಿಗೆ ಒಮ್ಮೆಗೇ 47,436 ಕೋಟಿ ರೂಪಾಯಿ ವರ್ಗಾಯಿಸಿತು. ಅದರಿಂದ ಗಿಡಗಳನ್ನು ನೆಡಲಾಗುತ್ತದೆ, ನೆಡಲಿ. ಆದರೆ ಘಟ್ಟದ ಮೇಲೆ ಧೂಪ, ಹೊಳೆಗರಿಗೆ, ಬೈನಿ, ಬೆತ್ತ, ಬಳ್ಳಿಗಳೆಲ್ಲ ಹೆಣೆದುಕೊಂಡ ಕಾಡು ಹೋಗಿ, ಎಲ್ಲಿಯೋ ಒಣಭೂಮಿಯಲ್ಲಿ ಸಾಲಾಗಿ ಒಂದೇ ಜಾತಿಯ ಸಸಿಗಳು ನಿಂತರೆ ಜಮೆಖರ್ಚು ಕಾಗದದ ಮೇಲೆ ಸರಿಹೋಗುತ್ತದೆ, ಸಿಂಗಳೀಕಕ್ಕೆ ಸರಿಹೋಗುವುದಿಲ್ಲ. ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನಲ್ಲಿ ಎಲ್ಲಿಯೂ ಇಲ್ಲದ ಆ ಪ್ರಾಣಿ ಮರದಿಂದ ಮರಕ್ಕೆ ಹಾದು ಬದುಕುವಂಥದು. ನಡುವೆ ಬಯಲು ಬಂದರೆ ಅದರ ಲೋಕವೇ ಅಲ್ಲಿಗೆ ಮುಗಿಯಿತು. ನಮ್ಮ ಪಕ್ಕದ ಬಾರಾಮತಿ ತಾಲ್ಲೂಕಿನ ಮಯೂರೇಶ್ವರ ವನ್ಯಜೀವಿಧಾಮದ ಚಿಂಕಾರಗಳ ಪಾಡು ಇದಕ್ಕೆ ವಿರುದ್ಧ: ಅವಕ್ಕೆ ಹುಲ್ಲುಬಯಲೇ ಬೇಕು, ಅಲ್ಲಿ ದಟ್ಟವಾಗಿ ಗಿಡ ನೆಟ್ಟರೆ ಅದೇ ಅಪಕಾರ.

ಅರ್ಥಶಾಸ್ತ್ರಜ್ಞರಿಗಿಂತ ಬಹಳ ಮೊದಲೇ ಕಾಡಿನ ಲೆಕ್ಕ ಇಟ್ಟವರು ನಮ್ಮಲ್ಲಿದ್ದರು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಕೆ ತೋಟಿಗನನ್ನು ಕೇಳಿನೋಡಿ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬ್ರಿಟಿಷರ ಕಾಲದಿಂದಲೇ ಬಿಟ್ಟುಕೊಡಲಾಗಿತ್ತು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ, ಬೆಟ್ಟದ ತಂಪು ಕಣಿವೆಗೆ. ಒಂದಕ್ಕೆ ಒಂಬತ್ತು! ಯಾವ ಸಮಿತಿಯೂ ಇಷ್ಟು ಸ್ಪಷ್ಟವಾಗಿ ಕಾಡಿನ ಆರ್ಥಿಕ ಬೆಲೆಯನ್ನು ಹೇಳಿರಲಾರದು. ಬೆಟ್ಟವನ್ನು ಬೋಳು ಮಾಡಿಕೊಂಡವರೂ ಅಲ್ಲಿ ಇದ್ದಾರೆ, ಎಲ್ಲರೂ ಸಂತರೆಂದು ನಾನು ಹೇಳುತ್ತಿಲ್ಲ. ಆದರೆ ಲೆಕ್ಕ ಅವರಿಗೆ ಗೊತ್ತಿತ್ತು.

ಗೊತ್ತಿದ್ದುದರಿಂದಲೇ ಒಂದು ವಿಶೇಷ ನಡೆಯಿತು. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟಿ 210 ಮೆಗಾವಾಟ್ ವಿದ್ಯುತ್ತು ತೆಗೆಯುವ ಯೋಜನೆ ಬಂದಾಗ ಅಲ್ಲಿಯ ಜನ ಬರಿಯ ಅಳಲಿಲ್ಲ, ಕೂಗಲಿಲ್ಲ. ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘ, ಅಡಕೆ ಮಾರುವ ಸಂಸ್ಥೆ, 1981ರ ಜನವರಿಯಲ್ಲಿ ವಿಜ್ಞಾನಿಗಳನ್ನೂ ಅರ್ಥಶಾಸ್ತ್ರ ಬಲ್ಲವರನ್ನೂ ಕರೆಸಿ, ಯೋಜನೆಯ ಲಾಭನಷ್ಟವನ್ನು ಜನರ ಎದುರಿಗೇ ತೂಗಿಸಿತು. ವಿದ್ಯುತ್ತಿನ ತಟ್ಟೆಯೆದುರಿನ ತಟ್ಟೆಗೆ ಮುಳುಗುವ ಕಾಡು, ಮುಳುಗುವ ತೋಟ, ಎದ್ದುಹೋಗಬೇಕಾದ ಸಂಸಾರಗಳು ಇವೆಲ್ಲ ಏರಿದವು. ಗಾಂಧಿ ಶಾಂತಿ ಪ್ರತಿಷ್ಠಾನದೊಡನೆ ಸೇರಿ ಅದೇ ವರ್ಷ ಚರ್ಚೆಯನ್ನು ಪುಸ್ತಕವಾಗಿಯೂ ಹೊರತಂದರು. ಯೋಜನೆ ಬದಿಗೆ ಸರಿಯಿತು. ಎರಡು ವರ್ಷದ ಮೇಲೆ, 1983ರ ಸೆಪ್ಟೆಂಬರಿನಲ್ಲಿ, ಅದೇ ಶಿರಸಿಯ ಸಾಲ್ಕಣಿಯ ಜನ ಕಳಾಸೆಯ ಕಾಡಿಗೆ ಹೋಗಿ ಕಡಿಯಬೇಕಾದ ಮರಗಳನ್ನು ಅಪ್ಪಿಕೊಂಡರು. ಅದೇ ಅಪ್ಪಿಕೋ ಚಳವಳಿ. ಒಂದು ಕೈಯಲ್ಲಿ ಲೆಕ್ಕದ ಪುಸ್ತಕ, ಇನ್ನೊಂದು ಕೈ ಮರದ ಸುತ್ತ. ಈಚಿನ ವರ್ಷಗಳಲ್ಲಿ ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸುವ ಯೋಜನೆಯೊಂದು ಕಾಗದದ ಮೇಲೆ ಬಂದಿದ್ದು, ಆ ಸೀಮೆಯಲ್ಲಿ ಮತ್ತೆ ಸಭೆಗಳು ಸೇರಿವೆ.

ಎಲ್ಲ ತೂಕವೂ ಇಷ್ಟು ಸುಲಭವಲ್ಲ. ಕುದುರೆಮುಖದ ಕಬ್ಬಿಣದ ಗಣಿಯನ್ನು ನೋಡಿ. 1976ರಲ್ಲಿ ಕಂಪೆನಿ ಹುಟ್ಟಿತು. ಅದಿರನ್ನು ಅರೆದು ನೀರಿನಲ್ಲಿ ಕಲಸಿ ಕೊಳವೆಯ ಮೂಲಕ ಮಂಗಳೂರಿನ ಬಂದರಕ್ಕೆ ಇಳಿಸಿದರು. ದೇಶಕ್ಕೆ ವಿದೇಶೀ ವಿನಿಮಯ ಬಂತು, ಮಳೆ ಸುರಿಯುವ ಬೆಟ್ಟಗಳ ನಡುವೆ ಶಾಲೆ ಆಸ್ಪತ್ರೆಗಳುಳ್ಳ ಒಂದು ಊರೇ ಎದ್ದಿತು. ಆದರೆ ಆ ಬೆಟ್ಟಗಳು ಭದ್ರೆಯ ತಲೆಯ ಮೇಲಿವೆ. ಲಕ್ಕವಳ್ಳಿಯ ಭದ್ರಾ ಜಲಾಶಯವನ್ನು ನಂಬಿ ಒಂದು ಲಕ್ಷ ಹೆಕ್ಟೇರಿಗೂ ಮಿಕ್ಕಿ ಗದ್ದೆ ತೋಟಗಳಿವೆ. ಗಣಿಯ ಲಾಭ ಕಂಪೆನಿಯ ಪುಸ್ತಕದಲ್ಲಿ. ಹೂಳಿನ ನಷ್ಟ ಯಾವ ಪುಸ್ತಕದಲ್ಲಿಯೂ ಇಲ್ಲ. 2002ರ ಅಕ್ಟೋಬರ್ 30ರಂದು ಸುಪ್ರೀಮ್ ಕೋರ್ಟು ಗಣಿಯನ್ನು ಮುಚ್ಚತಕ್ಕದ್ದೆಂದಿತು, 2005ರ ಕೊನೆಗೆ ಅಗೆತ ನಿಂತಿತು. ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ. ಆದರೂ ಆ ಊರಿನಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದು ಒಂದು ದಿನ ಪೆಟ್ಟಿಗೆ ಕಟ್ಟಿದ ಕೆಲಸಗಾರರ ಹೆಸರಿನಲ್ಲಿ ಎಷ್ಟು ಬರೆಯಬೇಕೆಂಬುದನ್ನೂ ಯಾರಾದರೂ ಕೇಳಬೇಕು. ಕಾಡು ಉಳಿಯಿತೆಂದು ಸಂತೋಷಪಡುವ ನಾವು ಪೇಟೆಯವರು ಆ ಸಂತೋಷಕ್ಕೆ ಏನನ್ನೂ ತೆರಲಿಲ್ಲ.

ಬೆಲೆಯ ಮಾತು ಇಲ್ಲಿಗಾಯಿತು. ಇನ್ನು ಬೆಲೆಯಲ್ಲದ ಮಾತೊಂದಿದೆ. ಟಿಪ್ಪೂ ಸುಲ್ತಾನನು ಮಡಿದ ಮೇಲೆ ಹೊಸ ಸೀಮೆಯನ್ನು ನೋಡಿ ವರದಿ ಬರೆಯಲೆಂದು ಕುಂಪಣಿಯವರು ಕಳಿಸಿದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಕನ್ನಡ ಜಿಲ್ಲೆಯ ಕಾಡುಗಳನ್ನು ಹಾದುಹೋದನು. ಅಲ್ಲಿ ಅವನು ಕಂಡ ಸಂಗತಿ ಇದು: ಕಾಡು ಆಯಾ ಹಳ್ಳಿಯ ದೇವರ ಸೊತ್ತು, ಮರ ಕಡಿಯುವುದಕ್ಕೆ ಮೊದಲು ಗೌಡನ ಅಪ್ಪಣೆ ಕೇಳಬೇಕು, ಅವನೇ ಆ ದೇವರ ಪೂಜಾರಿಯೂ ಹೌದು, ಅಪ್ಪಣೆಗೆ ದೇವರಿಗೆ ಕಾಣಿಕೆಯಿಲ್ಲ, ಕೇಳದೆ ಕಡಿದವನಿಗೆ ಮಾತ್ರ ದೇವರ ಮುನಿಸು. ಇದೆಲ್ಲ ಸರಕಾರವು ಕಾಡಿನ ಮೇಲೆ ಹಕ್ಕು ಸಾಧಿಸದಂತೆ ಜನ ಹೂಡಿದ ಉಪಾಯವೆಂದು ಬುಕಾನನ್ನನು ತೀರ್ಮಾನಿಸಿಬಿಟ್ಟನು. ಅಧಿಕಾರಿಯ ಕಣ್ಣಿಗೆ ಬೇರೇನು ಕಂಡೀತು! ಆದರೆ ಅವನು ಬರೆದಿಟ್ಟುದರಲ್ಲಿಯೇ ನಮಗೆ ಬೇಕಾದುದು ಇದೆ. ಅಲ್ಲಿ ಹಣದ ಮಾತೇ ಇಲ್ಲ. ಇರುವುದು ಕೇಳುವ ವಿಧಿ. ಕೇಳಬೇಕಾದರೆ ನಾಲ್ವರ ಎದುರಿಗೆ ಹೋಗಿ, ಯಾವ ಮರ, ಏತಕ್ಕೆ, ಎಷ್ಟು ಎಂದು ಬಾಯಿ ಬಿಟ್ಟು ಹೇಳಬೇಕು. ಕೇಳಿದವನಿಗೆ ‘ಬೇಡ’ ಎಂಬ ಉತ್ತರವೂ ಬರಬಹುದು. ದರಪಟ್ಟಿಯಾದರೋ ‘ಬೇಡ’ ಎನ್ನಲು ಅರಿಯದು. ಅದು ‘ಇಷ್ಟು’ ಎನ್ನುತ್ತದೆ.

ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ. ಕಾಫಿ ತೋಟಗಳ ಒತ್ತಿನಲ್ಲಿ ಅನೇಕವು ಕರಗಿದ್ದರೂ ಹೆಸರು ಉಳಿದಿದೆ. ಮರಾಠಿಗರು ಇವನ್ನೇ ‘ದೇವರಾಯಿ’ ಎನ್ನುತ್ತಾರೆ. ನಮ್ಮ ಪುಣೆ ಜಿಲ್ಲೆಯ ಘಟ್ಟದ ಕಡೆಯಲ್ಲಿಯೂ ಅವುಂಟು. 1970ರ ದಶಕದಲ್ಲಿ ಸಸ್ಯಶಾಸ್ತ್ರಜ್ಞ ವಾರ್ತಕರೂ ಮಾಧವ ಗಾಡ್ಗೀಳರೂ ಅವುಗಳನ್ನು ಹುಡುಕುತ್ತ ತಿರುಗಿದಾಗ, ಸುತ್ತ ಎಲ್ಲವೂ ಬೋಳಾದ ಬೆಟ್ಟದಲ್ಲಿ ಹಳೆಯ ಕಾಡಿನ ತುಣುಕು ಉಳಿದದ್ದು ದೇವರ ಮರೆಯಲ್ಲಿ ಎಂಬುದು ಕಂಡುಬಂದಿತು. ದೇವರಿಗೆ ಹೆದರಿಯೋ ನೀರಿನ ಮೇಲಿನ ಆಸೆಯಿಂದಲೋ ಎಂದು ಬೇರ್ಪಡಿಸಿ ಕೇಳುವುದು ಪಟ್ಟಣದ ಬುದ್ಧಿ. ಹಳ್ಳಿಯವನಿಗೆ ಅವೆರಡೂ ಒಂದೇ ಆಗಿತ್ತು.

ಈ ಹಳೆಯ ಅಪ್ಪಣೆಯ ವಿಧಿಗೆ ಹೊಸ ಕಾಲದ ಕಾನೂನು ಕೂಡ ಒಂದು ರೂಪ ಕೊಟ್ಟಿತು. 2006ರ ಅರಣ್ಯಹಕ್ಕು ಕಾಯಿದೆಯಿಂದ ಕಾಡಿನ ಜನರ ಗ್ರಾಮಸಭೆಗೆ ಮಾತು ಬಂತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ, ಹುಲಿಯ ಸಂರಕ್ಷಿತ ಪ್ರದೇಶದ ಒಳಗೇ, ಜೇನು ನೆಲ್ಲಿಗಳ ಮೇಲಿನ ತಮ್ಮ ಸಾಮೂಹಿಕ ಹಕ್ಕನ್ನು ಪತ್ರದಲ್ಲಿ ಪಡೆದುಕೊಂಡರು. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿಯ ಪ್ರಶ್ನೆ ಬಂದಾಗ 2013ರ ಏಪ್ರಿಲ್ 18ರಂದು ಸುಪ್ರೀಮ್ ಕೋರ್ಟು ಅಲ್ಲಿಯ ಗ್ರಾಮಸಭೆಗಳನ್ನೇ ಕೇಳಿರೆಂದಿತು. ಹನ್ನೆರಡು ಹಳ್ಳಿಗಳಲ್ಲಿ ಸಭೆ ಕೂಡಿತು. ಬೆಟ್ಟವೇ ತಮ್ಮ ದೇವರೆನ್ನುವ ಡೋಂಗ್ರಿಯಾ ಕೋಂಧರೂ ಅವರ ನೆರೆಯವರೂ ಹನ್ನೆರಡರಲ್ಲಿ ಹನ್ನೆರಡು ಸಭೆಗಳಲ್ಲಿಯೂ ಬೇಡವೆಂದರು. ಗಣಿ ಆಗಲಿಲ್ಲ.

ಕಡತಗಳೊಡನೆ ದಿನ ಕಳೆಯುವವನಿಗೆ ಒಂದು ವಿಷಯ ಅನುಭವಸಿದ್ಧ: ಯಾವ ಕಾಗದ ಮೊದಲು ಬರುತ್ತದೆ, ಯಾವುದು ಕೊನೆಗೆ ಬರುತ್ತದೆ ಎಂಬುದರಲ್ಲಿಯೇ ಅರ್ಧ ತೀರ್ಮಾನ ಅಡಗಿರುತ್ತದೆ. 2009ರಲ್ಲಿ ಕೇಂದ್ರದ ಪರಿಸರ ಮಂತ್ರಾಲಯವು ಹೊರಡಿಸಿದ ಸುತ್ತೋಲೆಯಂತೆ, ಅರಣ್ಯಭೂಮಿಯನ್ನು ಬೇರೆ ಕೆಲಸಕ್ಕೆ ಕೇಳುವ ಪ್ರಸ್ತಾವದೊಡನೆಯೇ ಗ್ರಾಮಸಭೆಯ ಒಪ್ಪಿಗೆಯ ಪತ್ರವೂ ಇರಬೇಕಾಗಿತ್ತು. 2022ರ ಅರಣ್ಯ ಸಂರಕ್ಷಣಾ ನಿಯಮಗಳು ಈ ಕ್ರಮವನ್ನು ತಿರುಗಿಸಿದವು. ಮೊದಲು ಕೇಂದ್ರದ ಒಪ್ಪಿಗೆ. ಅದರೊಂದಿಗೆ ನಿವ್ವಳ ವರ್ತಮಾನ ಮೌಲ್ಯದ ಹಣ, ಬದಲಿ ಗಿಡಗಳ ಹಣ ಜಮೆ. ಅರಣ್ಯಹಕ್ಕಿನ ವಿಚಾರವನ್ನು ಅದಾದ ಮೇಲೆ ರಾಜ್ಯ ಸರಕಾರ ಭೂಮಿ ಒಪ್ಪಿಸುವ ಮುನ್ನ ನೋಡಿಕೊಳ್ಳತಕ್ಕದ್ದು. ಮರುವರ್ಷ ಬಂದ ಹೊಸ ನಿಯಮಗಳಲ್ಲಿಯೂ ಇದೇ ಸರಣಿ. ಹಣ ಸಂದಾಯವಾಗಿ, ಪಾವತಿಯಾಗಿ, ಮೊಹರು ಬಿದ್ದ ಕಡತದ ಕೊನೆಯ ಪುಟವಾಗಿ ಗ್ರಾಮಸಭೆಯ ಠರಾವು ಬರಬೇಕೆಂದಾದರೆ, ಯಲ್ಲಾಪುರದ ಕಣಿವೆಯಲ್ಲಿಯೋ ಸಹ್ಯಾದ್ರಿಯ ಈ ಬದಿಯಲ್ಲಿಯೋ ಕುಳಿತ ಸಭೆಯೊಂದು ‘ಬೇಡ’ ಎಂದು ಬರೆಯುವ ಹೊತ್ತಿಗೆ ಆ ಪುಟವನ್ನು ತಿರುವಿ ನೋಡುವವರು ಯಾರು ಉಳಿದಿರುತ್ತಾರೆ?